ಸೈಕಲ್ ಸ್ಪರ್ಧೆಗಳ ಸ್ವಯಂಸೇವಕರಿಗೆ ತರಬೇತಿ: ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ

ಚಿಕ್ಕಬಳ್ಳಾಪುರ ಜಿಲ್ಲೆಯ ರಸ್ತೆಗಳಿಗೆ ಹವ್ಯಾಸಿ ಸೈಕಲ್ ಸವಾರರು ಹೊಸಬರಲ್ಲ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರವಿರುವ ನಂದಿಬೆಟ್ಟದ ಏರುದಾರಿಯು ಬೆಂಗಳೂರಿನ ಸವಾರರಿಗೆ ಬಹುಕಾಲದಿಂದ ಅಭ್ಯಾಸದ ನೆಲೆಯಾಗಿದೆ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂತಹ ಹವ್ಯಾಸಿ ಸ್ಪರ್ಧಾ ಸರಣಿಗಳು ನಗರದ ಹೊರವಲಯದ ರಸ್ತೆಗಳಲ್ಲಿಯೂ ನಂದಿಯ ಏರಿನಲ್ಲಿಯೂ ನಡೆದಿವೆ. ವಿಜಯಪುರ, ಬಾಗಲಕೋಟೆ, ಗದಗ ಭಾಗಗಳಲ್ಲಿ ಜಾತ್ರೆಯ ಸಂದರ್ಭದಲ್ಲಿ ಸೈಕಲ್ ಸ್ಪರ್ಧೆ ಏರ್ಪಡಿಸುವುದು ರೂಢಿಯಲ್ಲಿದೆ. ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯ ಬೆಟ್ಟದ ಬುಡದ ರಸ್ತೆಗಳು, ಕೆರೆ ಏರಿಗಳು ಮತ್ತು ಕೈಲಾಸಗಿರಿಯ ಕಡೆಗಿನ ದಾರಿಗಳು ಸಹ ಇಂತಹ ಸ್ಪರ್ಧೆಗೆ ಒಗ್ಗುವ ಸ್ವರೂಪದವು. ಆದ್ದರಿಂದ ಹೊರಗಿನ ಸಂಘಟಕರಿಂದಾಗಲೀ ಊರಿನ ಯುವಕ ಸಂಘದಿಂದಾಗಲೀ ಸ್ಪರ್ಧೆಯ ಪ್ರಸ್ತಾವನೆಯು ಯಾವುದೇ ಗ್ರಾಮ ಪಂಚಾಯತಿಯ ಮುಂದೆ ಬರಬಹುದು.

ಅಂತಹ ಪ್ರಸ್ತಾವನೆ ಬಂದಾಗ ಸಭೆಯಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ವೇದಿಕೆ, ಬಹುಮಾನ ಮತ್ತು ಅತಿಥಿಗಳ ವಿಚಾರ. ರಸ್ತೆಯ ಬದಿಯಲ್ಲಿ ಬಾವುಟ ಹಿಡಿದು ನಿಲ್ಲುವವರು ಯಾರು, ಅವರಿಗೆ ಏನು ಕಲಿಸಲಾಗಿದೆ ಎಂಬ ಪ್ರಶ್ನೆ ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಹಿಂದಿನ ರಾತ್ರಿ ಹತ್ತಾರು ಹುಡುಗರನ್ನು ಕರೆದು ಟೀ ಶರ್ಟ್ ಹಂಚಿ, "ಬೆಳಿಗ್ಗೆ ಗೇಟಿನ ಹತ್ತಿರ ನಿಂತು ವಾಹನ ಬಿಡಬೇಡಿ" ಎಂದು ಹೇಳಿ ಕಳುಹಿಸುವುದನ್ನು ತರಬೇತಿ ಎನ್ನಲಾಗದು. ಲಾರಿಯ ಮುಂದೆ ಕೈ ಅಡ್ಡ ಹಿಡಿದು ನಿಲ್ಲುವ ಹದಿನೇಳು ವರ್ಷದ ಹುಡುಗನಿಗೆ ಆ ಅಧಿಕಾರವೂ ಇಲ್ಲ, ರಕ್ಷಣೆಯೂ ಇಲ್ಲ. ಈ ಲೇಖನವು ತರಬೇತಿಯನ್ನು ಹೇಗೆ ರೂಪಿಸಬೇಕು ಮತ್ತು ಸದಸ್ಯರು ಸಂಘಟಕರನ್ನು ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ವಿವರಿಸುತ್ತದೆ.

1. ಸ್ವಯಂಸೇವಕನ ಅಧಿಕಾರದ ಮಿತಿ

ತರಬೇತಿಯ ಮೊದಲ ಪಾಠ ಇದೇ ಆಗಿರತಕ್ಕದ್ದು. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 115ರ ಪ್ರಕಾರ ನಿರ್ದಿಷ್ಟ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕೃತಗೊಳಿಸಿದ ಪ್ರಾಧಿಕಾರಕ್ಕೆ ಮಾತ್ರ ಇದೆ. ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸುವುದು ಪೊಲೀಸರ ಕೆಲಸ. ಗ್ರಾಮ ಪಂಚಾಯತಿಯ ನಿರಾಕ್ಷೇಪಣೆಯಿಂದ ಈ ಅಧಿಕಾರವು ಸ್ವಯಂಸೇವಕನಿಗೆ ವರ್ಗಾವಣೆಯಾಗುವುದಿಲ್ಲ.

ಹಾಗಾದರೆ ಸ್ವಯಂಸೇವಕನ ಅಧಿಕಾರ ಯಾರ ಮೇಲೆ? ಸ್ಪರ್ಧಿಗಳ ಮೇಲೆ. ಸ್ಪರ್ಧಿಯು ನಿಯಮಗಳಿಗೆ ಒಪ್ಪಿ ಸಹಿ ಹಾಕಿ ರಸ್ತೆಗೆ ಇಳಿದವನು. ಕೆಂಪು ಬಾವುಟ ಕಂಡಾಗ ನಿಲ್ಲತಕ್ಕದ್ದು ಎಂಬ ನಿಯಮವನ್ನು ಆತನಿಗೆ ಮೊದಲೇ ತಿಳಿಸಿರುತ್ತದೆ. ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವ ರೈತ ಮಹಿಳೆಯು ಯಾವ ನಿಯಮಕ್ಕೂ ಸಹಿ ಹಾಕಿರುವುದಿಲ್ಲ. ರಸ್ತೆ ಆಕೆಯದೂ ಹೌದು. ಆಕೆಯನ್ನು ಸ್ವಯಂಸೇವಕನು ವಿನಂತಿಸಿಕೊಳ್ಳಬಹುದು, ಎಚ್ಚರಿಸಬಹುದು, ತಡೆಯಲಾಗದು. ಸಾರ್ವಜನಿಕರು ಕೇಳದಿದ್ದಲ್ಲಿ ಸ್ಪರ್ಧಿಗಳನ್ನು ನಿಧಾನಗೊಳಿಸಬೇಕು ಅಥವಾ ನಿಲ್ಲಿಸಬೇಕು. ಸಂಶಯವಿದ್ದ ಎಲ್ಲ ಸಂದರ್ಭಗಳಲ್ಲಿ ಸ್ಪರ್ಧೆ ನಿಲ್ಲಬೇಕು, ಊರು ನಿಲ್ಲಬಾರದು. ಈ ಒಂದು ತತ್ತ್ವ ಮನಸ್ಸಿನಲ್ಲಿ ನಿಂತರೆ ಉಳಿದ ಪಾಠಗಳು ಸುಲಭವಾಗುತ್ತವೆ.

ವಾಹನ ನಿಲ್ಲಿಸಲೇಬೇಕಾದ ಜಾಗಗಳಿದ್ದಲ್ಲಿ, ಉದಾಹರಣೆಗೆ ಚಿಂತಾಮಣಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 69ಕ್ಕೆ ಗ್ರಾಮೀಣ ರಸ್ತೆ ಕೂಡುವ ಕಡೆಗಳಲ್ಲಿ, ಪೊಲೀಸ್ ಸಿಬ್ಬಂದಿಯ ನಿಯೋಜನೆಗೆ ಲಿಖಿತ ಒಪ್ಪಿಗೆ ದೊರೆತಿರಬೇಕು. ದೊರೆಯದಿದ್ದಲ್ಲಿ ಮಾರ್ಗವನ್ನೇ ಬದಲಿಸುವುದು ಸೂಕ್ತ.

2. ವೇಗದ ಲೆಕ್ಕ

ನಿಲ್ಲುವ ಜಾಗ ಮತ್ತು ಸ್ವಯಂಸೇವಕರ ಸಂಖ್ಯೆ ಅಂದಾಜಿನಿಂದ ನಿರ್ಧಾರವಾಗಬಾರದು. ಸೈಕಲ್ ಎಂದರೆ ನಿಧಾನದ ವಾಹನ ಎಂಬ ಭಾವನೆ ಗ್ರಾಮಗಳಲ್ಲಿದೆ. ಸ್ಪರ್ಧೆಯ ಸೈಕಲ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ., ಇಳಿಜಾರಿನಲ್ಲಿ 60 ಕಿ.ಮೀ. ವೇಗ ತಲುಪಬಲ್ಲದು, ಆದರೂ ಅದರಿಂದ ಮೋಟಾರು ವಾಹನದಂತಹ ಶಬ್ದ ಬರುವುದಿಲ್ಲ.

ಅಪಾಯ ಕಂಡು ಬ್ರೇಕ್ ಹಿಡಿಯಲು ಸವಾರನಿಗೆ ಒಂದೂವರೆ ಸೆಕೆಂಡ್ ಬೇಕೆಂದೂ, ಒಣ ರಸ್ತೆಯಲ್ಲಿ ಸಾಧಾರಣ ಬಲದಿಂದ ಬ್ರೇಕ್ ಹಿಡಿಯುತ್ತಾನೆಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ಪೂರ್ತಿಯಾಗಿ ನಿಲ್ಲಲು ಬೇಕಾಗುವ ದೂರ ಸುಮಾರಾಗಿ ಹೀಗಿರುತ್ತದೆ:

- ಗಂಟೆಗೆ 30 ಕಿ.ಮೀ. ವೇಗದಲ್ಲಿ 21 ಮೀಟರ್
- ಗಂಟೆಗೆ 40 ಕಿ.ಮೀ. ವೇಗದಲ್ಲಿ 32 ಮೀಟರ್
- ಗಂಟೆಗೆ 50 ಕಿ.ಮೀ. ವೇಗದಲ್ಲಿ 45 ಮೀಟರ್
- ಗಂಟೆಗೆ 60 ಕಿ.ಮೀ. ವೇಗದಲ್ಲಿ 60 ಮೀಟರ್

ರಸ್ತೆ ಒದ್ದೆಯಾಗಿ ಬ್ರೇಕಿನ ಹಿಡಿತ ಅರ್ಧಕ್ಕೆ ಇಳಿದರೆ ಕೊನೆಯ ಅಂಕಿಯು 95 ಮೀಟರ್ ಸಮೀಪಕ್ಕೆ ಏರುತ್ತದೆ. ಗುಂಪಿನಲ್ಲಿ ಸಾಗುವಾಗ ಹಿಂದಿನವನಿಗೆ ಮುಂದಿನವನ ಬೆನ್ನು ಮಾತ್ರ ಕಾಣುವುದರಿಂದ ಅಪಾಯ ಇನ್ನೂ ಹೆಚ್ಚು.

ಇದನ್ನೇ ಪಾದಚಾರಿಯ ಕಡೆಯಿಂದ ನೋಡಬೇಕು. ಏಳು ಮೀಟರ್ ಅಗಲದ ರಸ್ತೆಯನ್ನು ಕ್ಯಾನ್ ಹೊತ್ತು ನಿಧಾನವಾಗಿ ದಾಟಲು ಏಳು ಸೆಕೆಂಡ್ ಬೇಕು. ಅಷ್ಟರಲ್ಲಿ 40 ಕಿ.ಮೀ. ವೇಗದ ಸೈಕಲ್ 78 ಮೀಟರ್ ಮುಂದೆ ಬಂದಿರುತ್ತದೆ, 60 ಕಿ.ಮೀ. ವೇಗದ್ದಾದರೆ 117 ಮೀಟರ್. ಆದ್ದರಿಂದ ಇಳಿಜಾರಿನಲ್ಲಿ ಕನಿಷ್ಠ 120 ಮೀಟರ್ ದೂರದವರೆಗೆ ರಸ್ತೆ ಖಾಲಿ ಕಂಡರೆ ಮಾತ್ರ ದಾಟುವಂತೆ ಸೂಚಿಸಬೇಕು. ತಿರುವಿನಿಂದಾಗಿ ಅಷ್ಟು ದೂರ ಕಾಣದಿದ್ದಲ್ಲಿ ಒಬ್ಬ ಸ್ವಯಂಸೇವಕ ಸಾಲದು; ತಿರುವಿನ ಆಚೆ ನಿಂತು ನೋಡಿ ಸೀಟಿ ಊದುವವನೊಬ್ಬ, ದಾಟುವ ಜಾಗದಲ್ಲಿ ಎಚ್ಚರಿಸುವವನೊಬ್ಬ ಇರಲೇಬೇಕು. ತರಬೇತಿಯ ದಿನ ಟೇಪು ಹಿಡಿದು 60 ಮತ್ತು 120 ಮೀಟರ್ ಅಳೆದು ಸುಣ್ಣದ ಗೆರೆ ಎಳೆದು ತೋರಿಸಿದರೆ, ಬಾಯಿಮಾತಿನಲ್ಲಿ ಹೇಳಿದ ಅಂಕಿಗಿಂತ ಹೆಚ್ಚು ಮನದಟ್ಟಾಗುತ್ತದೆ.

3. ಸಮಯದ ಲೆಕ್ಕ

ಮೊದಲ ಗುಂಪು ಹೋದ ಕೂಡಲೇ ಸ್ವಯಂಸೇವಕರು ಜಾಗ ಬಿಟ್ಟು ತಿಂಡಿಗೆ ಹೋಗುವುದು ಸುಲಭವಾಗಿ ಆಗುವ ತಪ್ಪು. ಒಂದು ಉದಾಹರಣೆ: 20 ಕಿ.ಮೀ. ಸುತ್ತಿನ ಮಾರ್ಗದಲ್ಲಿ ಎರಡು ಸುತ್ತಿನ ಸ್ಪರ್ಧೆ ಬೆಳಿಗ್ಗೆ 6.30ಕ್ಕೆ ಆರಂಭವಾಗುತ್ತದೆ. ಮುಂಚೂಣಿಯವನ ವೇಗ ಗಂಟೆಗೆ 40 ಕಿ.ಮೀ., ಕೊನೆಯವನದು 20 ಕಿ.ಮೀ. ಎಂದಿಟ್ಟುಕೊಳ್ಳೋಣ. ಹತ್ತನೆಯ ಕಿಲೋಮೀಟರಿನಲ್ಲಿ ನಿಂತ ಸ್ವಯಂಸೇವಕನಿಗೆ ಮೊದಲಿಗನು 6.45ಕ್ಕೆ, ಕೊನೆಯವನು 7.00ಕ್ಕೆ ಕಾಣುತ್ತಾನೆ. ಎರಡನೆಯ ಸುತ್ತಿನಲ್ಲಿ ಮೊದಲಿಗನು 7.15ಕ್ಕೆ, ಕೊನೆಯವನು 8.00ಕ್ಕೆ ಬರುತ್ತಾನೆ. ನಡುವೆ 7.00ರಿಂದ 7.15ರವರೆಗೆ ರಸ್ತೆ ಪೂರ್ತಿ ಖಾಲಿ ಇರುತ್ತದೆ. ಸ್ಪರ್ಧೆ ಮುಗಿಯಿತೆಂದು ಊರಿನವರು ರಸ್ತೆಗೆ ಇಳಿಯುವುದು, ಸ್ವಯಂಸೇವಕನೂ ಹೊರಡುವುದು ಆಗಲೇ.

ಇದೇ ಲೆಕ್ಕದಲ್ಲಿ ಮೊದಲಿಗನು 7.30ಕ್ಕೆ ಗುರಿ ಮುಟ್ಟುವಾಗ ಕೊನೆಯವನು ಮೊದಲ ಸುತ್ತನ್ನು ಮುಗಿಸುತ್ತಿರುತ್ತಾನೆ. ಗುರಿಯ ಗೆರೆಯ ಬಳಿ ಶರವೇಗದಲ್ಲಿ ಬರುವವನೂ ದಣಿದು ನಿಧಾನವಾಗಿ ಬರುವವನೂ ಒಂದೇ ಕ್ಷಣ ಎದುರಾಗುತ್ತಾರೆ. ಅವರಿಗೆ ಬೇರೆ ಬೇರೆ ಪಕ್ಕದ ಹಾದಿಯನ್ನು ಗುರುತಿಸಿ ತೋರಿಸುವವರು ಬೇಕು. ಹೀಗಾಗಿ ಪ್ರತಿ ಜಾಗಕ್ಕೂ ವೇಳಾಪಟ್ಟಿ ಪ್ರತ್ಯೇಕವಾಗಿರಬೇಕು. ಕೊನೆಯ ಸವಾರನ ಹಿಂದೆ ಬರುವ ಸಂಘಟಕರ ವಾಹನವು ಬಂದು, ಅದರಲ್ಲಿರುವವರು ತಾವಾಗಿ ಬಿಡುಗಡೆ ಮಾಡುವವರೆಗೆ ಯಾರೂ ಜಾಗ ಬಿಡತಕ್ಕದ್ದಲ್ಲ.

4. ಊರಿನ ಬೆಳಗನ್ನು ಅರಿತು ಮಾರ್ಗದ ಪಟ್ಟಿ ತಯಾರಿಸುವುದು

ಹೊರಗಿನ ಸಂಘಟಕರಿಗೆ ತಿಳಿಯದ, ಸದಸ್ಯರಿಗೆ ಚೆನ್ನಾಗಿ ತಿಳಿದಿರುವ ವಿಷಯಗಳಿವು. ಸ್ಪರ್ಧೆ ನಡೆಯುವ ಬೆಳಗಿನ ಹೊತ್ತೇ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಅಳೆಯುವ ಹೊತ್ತು. ಟೊಮೆಟೊ ತುಂಬಿದ ವಾಹನಗಳು ಚಿಂತಾಮಣಿಯ ಮಾರುಕಟ್ಟೆಗೂ, ಗೂಡಿನ ಚೀಲಗಳು ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೂ ಹೊರಡುವ ಹೊತ್ತೂ ಅದೇ. ಗೂಡು ಸಕಾಲಕ್ಕೆ ಮಾರುಕಟ್ಟೆ ತಲುಪದಿದ್ದರೆ ರೈತನಿಗೆ ಆಗುವ ನಷ್ಟವನ್ನು ಯಾವ ಬಹುಮಾನದ ಹಣವೂ ತುಂಬಿಕೊಡುವುದಿಲ್ಲ. ಇವರಿಗೆ ಬದಲಿ ದಾರಿ ಯಾವುದು, ಎಷ್ಟು ಗಂಟೆಗೆ ಮುಂಚೆ ಹೊರಟರೆ ಅಡಚಣೆಯಾಗದು ಎಂಬುದನ್ನು ಒಂದು ವಾರ ಮೊದಲೇ ಡಂಗುರ ಹಾಗೂ ಫಲಕಗಳ ಮೂಲಕ ತಿಳಿಸಬೇಕು.

ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿ ಈ ಭಾಗದಲ್ಲಿದೆ. ಒಣ ಹುರುಳಿಸೊಪ್ಪಿನ ಮೇಲೆ ಸೈಕಲ್ಲಿನ ಸಣ್ಣ ಟೈರು ಜಾರುವುದು ನಿಶ್ಚಿತ. ಬಣ್ಣ ಬಳಿಯದ ರಸ್ತೆ ಉಬ್ಬು, ನೀರಿನ ಪೈಪಿಗಾಗಿ ಅಗೆದು ಮುಚ್ಚಿದ ಪಟ್ಟಿ, ಮೋರಿಯ ಬಳಿ ಕುಸಿದ ಅಂಚು, ಮೇಯಲು ಹೊರಡುವ ಕುರಿ ಮಂದೆ, ಓಡುವ ಚಕ್ರದ ಬೆನ್ನಟ್ಟುವ ಬೀದಿ ನಾಯಿ, ಇವೆಲ್ಲವನ್ನೂ ಪಟ್ಟಿ ಮಾಡಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ನೀಡುವ ಯೋಜನೆ 2006-07ರಲ್ಲಿ ಆರಂಭವಾದ ಮೇಲೆ ಹಳ್ಳಿಯ ಮಕ್ಕಳ ಬಳಿ ಸೈಕಲ್ ಇರುವುದು ಸಾಮಾನ್ಯ. ಸ್ಪರ್ಧೆಯ ಉತ್ಸಾಹದಲ್ಲಿ ಮಕ್ಕಳು ಸವಾರರ ಜೊತೆ ರಸ್ತೆಗೆ ಇಳಿಯುವ ಸಂಭವವಿದೆ. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದಿನ ದಿನವೇ ಮಕ್ಕಳಿಗೆ ತಿಳಿಹೇಳುವುದು ಉತ್ತಮ.

ಪಟ್ಟಿ ಸಿದ್ಧವಾದ ಮೇಲೆ ಸಂಖ್ಯೆ ತಾನಾಗಿ ಹೊರಡುತ್ತದೆ. ಮೇಲಿನ 20 ಕಿ.ಮೀ. ಸುತ್ತಿನಲ್ಲಿ ಆರು ಕೂಡುರಸ್ತೆಗಳಿಗೆ ತಲಾ ಇಬ್ಬರಂತೆ 12, ಎಂಟು ಊರಬಾಗಿಲುಗಳಿಗೆ 8, ಐದು ಅಪಾಯದ ತಿರುವು ಹಾಗೂ ಉಬ್ಬುಗಳಿಗೆ 5, ಆರಂಭ ಮತ್ತು ಗುರಿಯ ಬಳಿ 8 ಎಂದಾದರೆ ಒಟ್ಟು 33. ಗೈರುಹಾಜರಿಗಾಗಿ ಹತ್ತಕ್ಕೆ ಒಬ್ಬರಂತೆ ನಾಲ್ವರನ್ನು ಸೇರಿಸಿ 37 ಮಂದಿಗೆ ತರಬೇತಿ ನೀಡಬೇಕು. ಮೂವತ್ತೇಳು ಮಂದಿ ಸಿಗದಿದ್ದರೆ ಮಾರ್ಗವನ್ನು ಕಿರಿದಾಗಿಸಬೇಕು. ಅಪಾಯದ ಜಾಗವನ್ನು ಖಾಲಿ ಬಿಡಬಾರದು.

5. ಹೊರಗಿನ ಎರಡು ಪಾಠಗಳು

2021ರ ಜೂನ್ 26ರಂದು ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಮೊದಲ ದಿನ, ಪ್ರೇಕ್ಷಕಿಯೊಬ್ಬರು ಟಿ.ವಿ. ಕ್ಯಾಮೆರಾದ ಕಡೆ ಮುಖ ಮಾಡಿ, ಬರುತ್ತಿದ್ದ ಸವಾರರತ್ತ ಗಮನವಿಲ್ಲದೆ, ರಟ್ಟಿನ ಫಲಕವನ್ನು ರಸ್ತೆಗೆ ಚಾಚಿ ಹಿಡಿದರು. ಜರ್ಮನಿಯ ಸವಾರ ಟೋನಿ ಮಾರ್ಟಿನ್ ಅದಕ್ಕೆ ತಗುಲಿ ಬಿದ್ದರು. ಹಿಂದಿದ್ದ ಹತ್ತಾರು ಸವಾರರು ಒಬ್ಬರ ಮೇಲೊಬ್ಬರು ಬಿದ್ದರು. ನಂದಿಯ ತಿರುವಿನಲ್ಲಿಯೂ ಅಂಬಾಜಿದುರ್ಗದ ಬುಡದಲ್ಲಿಯೂ ಮೊಬೈಲ್ ಹಿಡಿದು ಸೆಲ್ಫಿ ತೆಗೆಯುವವರ ಭಂಗಿ ಇದೇ ಅಲ್ಲವೇ? ಹಾಗಾಗಿ ಜನ ಸೇರುವ ಕಡೆ ಸ್ವಯಂಸೇವಕನು ಸ್ಪರ್ಧೆಯನ್ನು ನೋಡುತ್ತಾ ನಿಲ್ಲಬಾರದು, ಜನರ ಕಡೆ ಮುಖ ಮಾಡಿ ನಿಲ್ಲಬೇಕು.

2015ರ ಏಪ್ರಿಲ್‌ನಲ್ಲಿ ಸ್ಪೇನಿನ ಬಿಲ್ಬಾವೊ ನಗರದಲ್ಲಿ, ಗುರಿಗೆ ಕೆಲವೇ ನೂರು ಮೀಟರ್ ಇರುವಾಗ, ರಸ್ತೆಯಲ್ಲಿ ನೆಟ್ಟಿದ್ದ ಲೋಹದ ಕಂಬಗಳಿಗೆ ಡಿಕ್ಕಿ ಹೊಡೆದು ಸವಾರರು ತೀವ್ರವಾಗಿ ಗಾಯಗೊಂಡರು. ಆ ಕಂಬಗಳ ಮೇಲೆ ಪ್ಲಾಸ್ಟಿಕ್ ಶಂಕುಗಳನ್ನು ಇಟ್ಟಿದ್ದಷ್ಟೇ ಎಚ್ಚರಿಕೆಯಾಗಿತ್ತು. ಅಡೆತಡೆಯ ಮುಂದೆ ವಸ್ತುವನ್ನು ಇಡುವುದು ಸಾಲದು. ಬಾವುಟ ಬೀಸಿ ಸೀಟಿ ಊದುವ ಮನುಷ್ಯನೇ ಅಡೆತಡೆಗಿಂತ ಮುಂಚಿತವಾಗಿ, ಮೇಲೆ ಹೇಳಿದ 60 ಮೀಟರ್ ದೂರದಲ್ಲಿ, ರಸ್ತೆಯ ಅಂಚಿನಲ್ಲಿ ನಿಂತಿರಬೇಕು. ಅಡೆತಡೆಯ ಪಕ್ಕದಲ್ಲೇ ನಿಂತರೆ ಎಚ್ಚರಿಕೆ ತಡವಾಗಿ ಮುಟ್ಟುತ್ತದೆ.

6. ತರಬೇತಿಯ ವಿನ್ಯಾಸ

ಒಂದು ದೀರ್ಘ ಭಾಷಣಕ್ಕಿಂತ ಮೂರು ಕಿರು ಹಂತಗಳು ಹೆಚ್ಚು ಫಲಕಾರಿ.

ಮೊದಲ ಹಂತ: ಸ್ಪರ್ಧೆಗೆ ಒಂದು ವಾರ ಮುಂಚೆ, ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಎರಡು ಗಂಟೆ. ಅಧಿಕಾರದ ಮಿತಿ, ವೇಗ ಮತ್ತು ಸಮಯದ ಲೆಕ್ಕ, ಮಾರ್ಗದ ನಕ್ಷೆ. ಸಂಕೇತಗಳು ಎರಡೇ ಇರಲಿ: ಹಳದಿ ಬಾವುಟ ಎಂದರೆ ಮುಂದೆ ಅಪಾಯವಿದೆ, ನಿಧಾನಿಸಿ, ಕೆಂಪು ಎಂದರೆ ನಿಲ್ಲಿ. ಅಡೆತಡೆ ಸೂಚಿಸಲು ಹಳದಿ ಬಾವುಟ ಮತ್ತು ಸೀಟಿ ಬಳಸುವುದು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿಯೂ ರೂಢಿಯಲ್ಲಿದೆ. ಈ ಭಾಗದ ಮನೆಗಳಲ್ಲಿ ತೆಲುಗು ಮಾತನಾಡುವವರು ಹೆಚ್ಚಾಗಿರುವುದರಿಂದ ಎಚ್ಚರಿಕೆಯ ಮಾತು ಎರಡೂ ಭಾಷೆಯಲ್ಲಿ ನಾಲಿಗೆಗೆ ಬರುವಂತಿರಬೇಕು: "ನಿಲ್ಲಿ, ಸೈಕಲ್ ಬರ್ತಿದೆ" ಎಂಬುದರ ಜೊತೆಗೆ "ಆಗಂಡಿ".

ಎರಡನೆಯ ಹಂತ: ಎರಡು ಮೂರು ದಿನ ಮುಂಚೆ, ಸ್ಪರ್ಧೆ ನಡೆಯುವ ಹೊತ್ತಿನಲ್ಲೇ, ರಸ್ತೆಯ ಮೇಲೆ ಎರಡು ಗಂಟೆ. ಪ್ರತಿಯೊಬ್ಬರೂ ತಮ್ಮ ಜಾಗದಲ್ಲಿ ನಿಂತು ಅಭ್ಯಾಸ ಮಾಡಬೇಕು. ನಾಲ್ಕೈದು ಸವಾರರನ್ನು ವೇಗವಾಗಿ ಬಿಟ್ಟು, ಹಠಾತ್ತಾಗಿ ಒಂದು ಟ್ರ್ಯಾಕ್ಟರ್ ಅಡ್ಡಬಂದಂತೆ, ಒಬ್ಬ ಸವಾರ ಬಿದ್ದಂತೆ, ಅಂಬುಲೆನ್ಸ್ ಬಂದಂತೆ ಸನ್ನಿವೇಶಗಳನ್ನು ಸೃಷ್ಟಿಸಿ ಅವರು ಏನು ಮಾಡುತ್ತಾರೆಂದು ನೋಡಬೇಕು. ತಪ್ಪುಗಳು ಇಲ್ಲಿಯೇ ಆಗಲಿ. ಅಂಬುಲೆನ್ಸ್, ಅಗ್ನಿಶಾಮಕ ವಾಹನ, ಹೆರಿಗೆಗೆ ಹೊರಟ ವಾಹನ, ಶವಯಾತ್ರೆ ಇವುಗಳಿಗೆ ಕೆಂಪು ಬಾವುಟ ತೋರಿಸಿ ದಾರಿ ಬಿಡಿಸಬೇಕು. ಇದಕ್ಕೆ ಸಂಘಟಕರ ಅಪ್ಪಣೆಗೆ ಕಾಯಬೇಕಿಲ್ಲ.

ಮೂರನೆಯ ಹಂತ: ಸ್ಪರ್ಧೆಯ ಬೆಳಿಗ್ಗೆ ಹದಿನೈದು ನಿಮಿಷ. ಹೊಸ ವಿಷಯ ಹೇಳಬಾರದು. ಹಾಜರಿ, ಬಾವುಟ, ಸೀಟಿ, ಹೊಳೆಯುವ ಅಂಗಿ, ನೀರು, ಜೇಬಿನಲ್ಲಿ ಜಾಗದ ಚೀಟಿ. ಈ ಚೀಟಿಯಲ್ಲಿ ಜಾಗದ ಸಂಖ್ಯೆ, ಹತ್ತಿರದ ಕಿಲೋಮೀಟರ್ ಕಲ್ಲು, ಅಲ್ಲಿಯ ಅಪಾಯ, ಮೊದಲ ಮತ್ತು ಕೊನೆಯ ಸವಾರ ಬರುವ ಅಂದಾಜು ಸಮಯ, ಮೇಲ್ವಿಚಾರಕರ ದೂರವಾಣಿ ಇರಬೇಕು.

ತರಬೇತಿ ಫಲಿಸಿತೇ ಎಂದು ತಿಳಿಯಲು ಪ್ರತಿಯೊಬ್ಬರನ್ನೂ ಮೂರು ಪ್ರಶ್ನೆ ಕೇಳಬೇಕು: ಮಾತು ಕೇಳದ ವಾಹನ ಬಂದರೆ ಏನು ಮಾಡುವಿರಿ? ಸವಾರ ಬಿದ್ದರೆ ಮೊದಲ ಕೆಲಸ ಯಾವುದು? ಯಾವಾಗ ಮನೆಗೆ ಹೋಗಬಹುದು? ತಡವರಿಸದೆ ಉತ್ತರಿಸಿದವರನ್ನು ಮಾತ್ರ ರಸ್ತೆಗೆ ನಿಯೋಜಿಸಬೇಕು; ಉಳಿದವರಿಗೆ ನೀರು, ನೋಂದಣಿ, ತಿಂಡಿಯ ವ್ಯವಸ್ಥೆಯ ಕೆಲಸವಿದೆ. ಈ ಕೆಲಸಗಳಲ್ಲಿ ಸಂಜೀವಿನಿ ಒಕ್ಕೂಟದ ಸದಸ್ಯೆಯರ ಅನುಭವ ಬಹಳ ಉಪಯುಕ್ತ. ಹದಿನೆಂಟು ವರ್ಷ ತುಂಬದವರನ್ನು ರಸ್ತೆಯ ಬದಿ ನಿಲ್ಲಿಸತಕ್ಕದ್ದಲ್ಲ.

7. ಸವಾರ ಬಿದ್ದಾಗ

ಕ್ರಮ ಹೀಗಿರಬೇಕು: ಮೊದಲು ಹಿಂದಿನಿಂದ ಬರುವವರನ್ನು ಬಾವುಟ ತೋರಿಸಿ ನಿಲ್ಲಿಸಿ ಎರಡನೆಯ ಡಿಕ್ಕಿ ತಪ್ಪಿಸುವುದು, ಅನಂತರ 108ಕ್ಕೆ ಕರೆ ಮಾಡಿ ಊರು ಮತ್ತು ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳುವುದು, ಆಮೇಲೆ ಗಾಯಾಳುವಿನ ಬಳಿ ಹೋಗುವುದು. ಗಾಯಾಳುವನ್ನು ಎಬ್ಬಿಸಿ ಕೂರಿಸುವುದು, ತಲೆ ಎತ್ತಿ ನೀರು ಕುಡಿಸುವುದು, ಹೆಲ್ಮೆಟ್ ಎಳೆದು ತೆಗೆಯುವುದು ಪ್ರೀತಿಯಿಂದ ಮಾಡುವ ತಪ್ಪುಗಳು. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲುಗಾಡಿಸುವುದರಿಂದ ಜೀವನಪರ್ಯಂತ ಅಂಗವೈಕಲ್ಯ ಉಂಟಾಗಬಹುದು. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಉಸಿರಾಟ ಗಮನಿಸುತ್ತಿರಬೇಕು. ಈ ಪಾಠವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಮಾಡಿಸುವುದು ಸೂಕ್ತ.

ನೆರವಾದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕಾದೀತೆಂಬ ಭಯ ಇನ್ನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ ಸೆಕ್ಷನ್ 134ಎ, ವಾಹನ ಅಪಘಾತದ ಗಾಯಾಳುಗಳಿಗೆ ಸದ್ಭಾವನೆಯಿಂದ ನೆರವಾಗುವವರಿಗೆ ರಕ್ಷಣೆ ನೀಡುತ್ತದೆ. ತುರ್ತು ಸಂದರ್ಭಗಳಲ್ಲಿ ನೆರವಾಗುವವರ ರಕ್ಷಣೆಗಾಗಿ ಕರ್ನಾಟಕವು ಪ್ರತ್ಯೇಕ ಕಾಯ್ದೆಯನ್ನೂ ಹೊಂದಿದೆ. ಇದನ್ನು ತರಬೇತಿಯಲ್ಲಿ ಸ್ಪಷ್ಟವಾಗಿ ಹೇಳಬೇಕು.

8. ಸದಸ್ಯರು ಖಾತ್ರಿಪಡಿಸಿಕೊಳ್ಳಬೇಕಾದ ಅಂಶಗಳು

ನಿರಾಕ್ಷೇಪಣೆಯ ವಿಷಯ ಸಭೆಯ ಮುಂದೆ ಬಂದಾಗ ಈ ಕೆಳಗಿನವುಗಳನ್ನು ಲಿಖಿತವಾಗಿ ಪಡೆದುಕೊಳ್ಳುವುದು:

- ಪೊಲೀಸ್ ಇಲಾಖೆಯ ಹಾಗೂ ರಸ್ತೆಯ ನಿರ್ವಹಣೆ ಹೊಂದಿರುವ ಇಲಾಖೆಯ ಅನುಮತಿ
- ಅಪಾಯದ ಜಾಗಗಳ ಪಟ್ಟಿ ಮತ್ತು ಪ್ರತಿ ಜಾಗಕ್ಕೆ ನಿಯೋಜಿತ ಸ್ವಯಂಸೇವಕರ ಪಟ್ಟಿ
- ಮೂರು ಹಂತದ ತರಬೇತಿಯ ದಿನಾಂಕ ಮತ್ತು ಹಾಜರಾತಿ
- ಸ್ಪರ್ಧಿಗಳಷ್ಟೇ ಅಲ್ಲದೆ ಸ್ವಯಂಸೇವಕರಿಗೂ ಅಪಘಾತ ವಿಮೆ
- ಅಂಬುಲೆನ್ಸ್ ನಿಲ್ಲುವ ಜಾಗ ಮತ್ತು ಹತ್ತಿರದ ಆಸ್ಪತ್ರೆಗೆ ಮುಂಗಡ ಮಾಹಿತಿ
- ಹಾಲು, ತರಕಾರಿ, ಗೂಡು ಸಾಗಣೆಗೆ ಬದಲಿ ವ್ಯವಸ್ಥೆ

ವಿಮೆಗೆ ಸಂಬಂಧಿಸಿದಂತೆ, ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ಬ್ಯಾಂಕ್ ಖಾತೆ ಹೊಂದಿರುವ 18ರಿಂದ 70 ವರ್ಷದವರು ವಾರ್ಷಿಕ ₹20 ಕಂತಿನಲ್ಲಿ, ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯ ಉಂಟಾದರೆ ₹2 ಲಕ್ಷದ ರಕ್ಷಣೆ ಪಡೆಯಬಹುದು. ಸಂಘಟಕರ ವಿಮೆಗೆ ಇದು ಬದಲಿಯಲ್ಲ. ಆದರೆ ಊರಿನ ಯುವಕರಿಗೆ ಅದನ್ನು ಮಾಡಿಸಿಕೊಳ್ಳಲು ತರಬೇತಿಯ ದಿನವೇ ಒಳ್ಳೆಯ ಅವಕಾಶ.

ಸ್ಪರ್ಧೆ ಮುಗಿದ ವಾರದೊಳಗೆ ಸ್ವಯಂಸೇವಕರನ್ನು ಮತ್ತೊಮ್ಮೆ ಕೂರಿಸಿ, ಯಾರ ಜಾಗದಲ್ಲಿ ಏನಾಯಿತು, ಎಲ್ಲಿ ಕೂದಲೆಳೆಯಲ್ಲಿ ಅಪಾಯ ತಪ್ಪಿತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಆ ಪುಸ್ತಕವೇ ಮುಂದಿನ ವರ್ಷದ ಪಠ್ಯ. ಈ ರೀತಿ ತರಬೇತಾದ ಮೂವತ್ತು ಮಂದಿ ಊರಿನಲ್ಲಿದ್ದರೆ, ರಥೋತ್ಸವದ ಜನಸಂದಣಿಯಲ್ಲಿ, ಗಣೇಶ ವಿಸರ್ಜನೆಯ ದಿನ ಕೆರೆಯ ದಂಡೆಯಲ್ಲಿ, ಹೆದ್ದಾರಿಯ ಅಪಘಾತದಲ್ಲಿಯೂ ಅವರೇ ಒದಗುತ್ತಾರೆ. ಸೈಕಲ್ ಸ್ಪರ್ಧೆ ಒಂದು ಬೆಳಗಿನಲ್ಲಿ ಮುಗಿದುಹೋದರೂ ಕಲಿತ ಕೆಲಸ ಊರಿನಲ್ಲಿಯೇ ಉಳಿಯುತ್ತದೆ.